ಎರಡು ಭಾಷೆಯ ಬೀಜಗಣಿತ

ಆ ಸಿಸ್ಟರ್ ನಮ್ಮ ಮನೆಯ ಬಾಗಿಲು ತಟ್ಟಿದ್ದು ನನ್ನ ದನಿ ಕೇಳಿ. ದುಬೈಯ ಅಲ್ ಬರ್ಷಾದ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿನವರು ಮಂಗಳೂರಿನವರು. ಆ ಮನೆಯ ಯಜಮಾನರ ಅಕ್ಕ ಬಹಳ ವರ್ಷಗಳಿಂದ ಟಾಂಜಾನಿಯಾದಲ್ಲಿ ಕ್ರೈಸ್ತ ಸನ್ಯಾಸಿನಿಯಾಗಿದ್ದವರು. ಊರಿಗೆ ಹೋಗುವ ದಾರಿಯಲ್ಲಿ ತಮ್ಮನ ಮನೆಯಲ್ಲಿ ಕೆಲವು ದಿನ ಉಳಿದುಕೊಂಡಿದ್ದರು. ನಾನು ಮಗಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಅವಳು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದಳು, ನಾನು ಧಾರವಾಡದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಬಾಗಿಲು ತೆರೆದರೆ ಬೂದು ಬಣ್ಣದ ಉಡುಪಿನ, ಬಿಳಿಗೂದಲಿನ ಹೆಂಗಸು ನಗುತ್ತ ನಿಂತಿದ್ದರು.

“ಬೈಬೇಡಿ ಟೀಚರ್, ಕದ್ದು ಕೇಳಿದ್ದಲ್ಲ, ಹೊರಗೆ ಕೇಳ್ತದೆ. ನೀವು ಹೀಗೆ ಜೋರು ಮಾಡಿ ಹೇಳಿಕೊಡುವುದು ನಮ್ಮ ಮಕ್ಕಳಿಗೆ ಸಿಕ್ಕಿದ್ರೆ ಎಷ್ಟು ಒಳ್ಳೇದಿತ್ತು ಮಾರಾಯ್ರೆ.”

ದುಬೈಗೆ ಎಕ್ಸ್‌ಪೋ ವಿಶ್ವಮೇಳದ ಆತಿಥ್ಯ ಸಿಕ್ಕಿದ ಮರುವರ್ಷ ಅದು. ನಾನು ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಗಣಿತದ ಶಿಕ್ಷಕಿ. ಚಹಾ ಕುಡಿಯುತ್ತ ಸಿಸ್ಟರ್ ತಮ್ಮ ಕಥೆ ಹೇಳಿದರು. ಅವರ ಸಂಸ್ಥೆ ಅಲ್ಲಿ ಹೆಣ್ಣುಮಕ್ಕಳ ಅನಾಥಾಲಯ ನಡೆಸುತ್ತಿತ್ತು, ಜೊತೆಗೆ ಒಂದು ಪ್ರೌಢಶಾಲೆ. ಹೆಚ್ಚಿನ ಮಕ್ಕಳ ತಂದೆತಾಯಿ ಕಾಯಿಲೆಗೆ ಬಲಿಯಾದವರು. ಗಣಿತದ ಮೇಷ್ಟ್ರು ಪಟ್ಟಣದಲ್ಲಿ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದರು, ಬೇರೆಯವರು ಆ ದೂರಕ್ಕೆ ಬರಲು ಒಪ್ಪುತ್ತಿರಲಿಲ್ಲ. ಪ್ರೌಢಶಾಲೆಯ ಎರಡನೇ ವರ್ಷದ ಕೊನೆಗೆ ಸರ್ಕಾರದ ಪರೀಕ್ಷೆ. ಫೇಲಾದವರು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ಮತ್ತೆ ಫೇಲಾದರೆ ಓದು ಅಲ್ಲಿಗೇ ಮುಗಿಯಿತು, ಹೊಲಿಗೆ ಕೋಣೆಗೆ ಹೋಗಬೇಕು.

“ಹೊಲಿಗೆ ಕೆಟ್ಟದ್ದಲ್ಲ. ಆದ್ರೆ ಅದು ಬೇಕು ಅಂತ ಹೋಗುವುದು ಬೇರೆ, ತಳ್ಳಿ ಕಳಿಸುವುದು ಬೇರೆ, ಅಲ್ವಾ?” ಎಂದರು ಸಿಸ್ಟರ್.

ನನ್ನ ಗಂಡ ಅಳುಕುತ್ತಲೇ, “ಇಲ್ಲಿ ಚಂದಾ ಗಿಂದಾ ಎತ್ತಾಕ ಬರೂದಿಲ್ರೀ ಸಿಸ್ಟರ್, ಕಾಯ್ದೆ ಭಾಳ ಬಿಗಿ ಐತಿ,” ಎಂದರು.

“ದುಡ್ಡು ಯಾರು ಕೇಳಿದ್ರು? ನನಗೆ ಗಣಿತ ಬೇಕು.”

ನನ್ನ ಗಂಡ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸರಕು ಸಾಗಣೆಯ ಕೆಲಸದಲ್ಲಿದ್ದಾರೆ. ಒಂದು ವಸ್ತು ಇಲ್ಲಿಂದ ಅಲ್ಲಿಗೆ ಹೇಗೆ ಹೋಗಬಹುದು ಎಂಬುದರಲ್ಲೇ ಅವರ ತಲೆ ಓಡುತ್ತದೆ. ಇಂಟರ್ನೆಟ್ ಮೂಲಕ ಮುಖ ನೋಡಿ ಮಾತಾಡುವ ಕರೆಗಳು ಇಲ್ಲಿ ನಡೆಯುತ್ತಿರಲಿಲ್ಲ. ನಡೆದರೂ ಸಿಸ್ಟರ್ ಇದ್ದ ಹಳ್ಳಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಸಂತೆಪೇಟೆಗೆ ಬಂದಾಗ ಮಾತ್ರ ಅವರ ಫೋನು ಜೀವ ಪಡೆಯುತ್ತಿತ್ತು. “ಪಾಠ ಫೋನಿನ್ಯಾಗ ಹಿಡದು ಮೆಮೊರಿ ಕಾರ್ಡಿನ್ಯಾಗ ಕಳ್ಸೂಣು,” ಎಂದರು ಇವರು. ಟಾಂಜಾನಿಯಾದ ದೊಡ್ಡ ನಗರ ದಾರ್ ಎಸ್ ಸಲಾಮಿನಿಂದ ಸಾಮಾನು ಖರೀದಿಗೆ ಆಗಾಗ ದುಬೈಗೆ ಬರುವ ಗುಜರಾತಿ ವ್ಯಾಪಾರಿಯೊಬ್ಬರು ಅವರಿಗೆ ಪರಿಚಯ. ಕಾರ್ಡು ಅವರ ಜೇಬಿನಲ್ಲಿ ಹೋಗುವುದು, ಅಲ್ಲಿಂದ ಬಸ್ಸಿನಲ್ಲಿ ಸಿಸ್ಟರ್ ಕೈಗೆ. ಅನಾಥಾಲಯದಲ್ಲಿ ಯಾರೋ ದಾನ ಕೊಟ್ಟ ಟಿವಿ ಇತ್ತು, ಅದನ್ನು ನಡೆಸುವಷ್ಟು ಸೋಲಾರ್ ಇತ್ತು.

ಹಾಲಿನ ಗೋಡೆಗೆ ಬಿಳಿ ಬೋರ್ಡು ಒರಗಿಸಿ, ಇಸ್ತ್ರಿ ಟೇಬಲ್ಲಿನ ಮೇಲೆ ಪುಸ್ತಕ ಪೇರಿಸಿ ಅದಕ್ಕೆ ಫೋನನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಶುರು ಮಾಡಿದೆವು. ಮೊದಲ ಸಲ ಟ್ಯೂಬ್‌ಲೈಟಿನ ಬೆಳಕು ಬೋರ್ಡಿನ ನಡುವೆ ಬಿದ್ದು ಅರ್ಧ ಲೆಕ್ಕ ಕಾಣಿಸಲಿಲ್ಲ. ಬೋರ್ಡನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದೆವು. ಆಮೇಲೆ ಎಸಿಯ ಗುಂಯ್ ಎನ್ನುವ ಸದ್ದು ನನ್ನ ಮಾತನ್ನು ನುಂಗಿತು. ಎಸಿ ಆರಿಸಿ, ಮುಖ ಒರೆಸಿಕೊಂಡು ಪಾಠ ಮಾಡಿದೆ. ಮೊದಲ ಕಾರ್ಡು ತಲುಪಿದ ಮೇಲೆ, ಅಷ್ಟರಲ್ಲಿ ಟಾಂಜಾನಿಯಾಕ್ಕೆ ಮರಳಿದ್ದ ಸಿಸ್ಟರ್ ಸಂತೆಪೇಟೆಯಿಂದ ಧ್ವನಿ ಸಂದೇಶ ಕಳಿಸಿದರು: “ಟೀಚರ್, ಹೆಸರು ಮಾತ್ರ ಬರ್ತದೆ, ಚಿತ್ರ ಬರುದಿಲ್ಲ.” ಫೋನಿನ ಫೈಲುಗಳನ್ನು ಆ ಹಳೇ ಟಿವಿ ಓದುತ್ತಿರಲಿಲ್ಲ. ನನ್ನ ಗಂಡ ಒಂದು ಶುಕ್ರವಾರ ಕೂತು ಎಲ್ಲವನ್ನೂ ಹಳೆಯ ಟಿವಿಗೆ ಹೊಂದುವಂತೆ ಸಣ್ಣದು ಮಾಡಿ ಮತ್ತೆ ಕಳಿಸಿದರು. ಈ ಸಲ ಚಿತ್ರವೂ ಬಂತು, ಮಾತೂ ಬಂತು.

ಮೂರು ತಿಂಗಳು ನಾನು ಬಹಳ ಹುರುಪಿನಲ್ಲಿದ್ದೆ. ಶಾಲೆಯಿಂದ ಬಂದು ಪಾತ್ರೆ ತೊಳೆದಿಟ್ಟು ಬೋರ್ಡಿನ ಮುಂದೆ ನಿಲ್ಲುತ್ತಿದ್ದೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಆದ್ದರಿಂದ ಪಾಠವೂ ಇಂಗ್ಲಿಷಿನಲ್ಲಿ. ಆದರೆ ಸಿಸ್ಟರ್ ಕೊಡುತ್ತಿದ್ದ ಕಿರುಪರೀಕ್ಷೆಗಳಲ್ಲಿ ಅಂಕ ಮೇಲೇಳಲಿಲ್ಲ. ನಾನು ಇನ್ನೂ ನಿಧಾನವಾಗಿ ಮಾತಾಡಿದೆ, ಇನ್ನೂ ದೊಡ್ಡದಾಗಿ ಬರೆದೆ. ಏನೂ ಬದಲಾಗಲಿಲ್ಲ.

ಆಗ ಸಿಸ್ಟರ್ ಒಂದು ಚಿಕ್ಕ ವಿಡಿಯೊ ಕಳಿಸಿದರು, ತಮಾಷೆಗೆಂದು. ತರಗತಿಯಲ್ಲಿ ನೀಲಿ ಲಂಗದ ಹುಡುಗಿಯರು ಬೆಂಚಿನ ತುಂಬ ಕೂತಿದ್ದಾರೆ. ಟಿವಿಯಲ್ಲಿ ನಾನು. ಸಿಲಿಂಡರಿನ ಚಿತ್ರ ತೋರಿಸಿ, ಘನಫಲದ ಲೆಕ್ಕಕ್ಕೆಂದು “ನೌ, ವಾಲ್ಯೂಮ್” ಎನ್ನುತ್ತೇನೆ. ಮುಂದಿನ ಬೆಂಚಿನ ಎತ್ತರದ ಹುಡುಗಿಯೊಬ್ಬಳು ಎದ್ದು ಹೋಗಿ ಟಿವಿಯ ದನಿ ಹೆಚ್ಚು ಮಾಡಿ ವಿನಯದಿಂದ ಬಂದು ಕೂರುತ್ತಾಳೆ. “ಅಂಡರ್‌ಸ್ಟುಡ್?” ಎಂದು ಟಿವಿಯಲ್ಲಿ ಕೇಳುತ್ತೇನೆ. “ಯೆಸ್ ಮೇಡಂ” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ.

ನಾನೂ ನನ್ನ ಗಂಡನೂ ಬಿದ್ದು ಬಿದ್ದು ನಕ್ಕೆವು. ಎರಡನೇ ಸಲ ನೋಡಿದಾಗ ನಗು ಬರಲಿಲ್ಲ. ಆ ಹುಡುಗಿ ನಾನು ಹೇಳಿದ್ದನ್ನು ಗಮನವಿಟ್ಟು ಕೇಳಿದ್ದಳು, ಹೇಳಿದಂತೆ ಮಾಡಿಯೂ ಇದ್ದಳು.

ನಾನು ಏಳನೆಯ ಇಯತ್ತೆಗೇ ಬೀಜಗಣಿತವನ್ನು ಪ್ರೀತಿಸಿದವಳು, ಕನ್ನಡದಲ್ಲಿ. ಪಿಯುಸಿಗೆ ಸೈನ್ಸ್ ತೆಗೆದುಕೊಂಡಾಗ ಎಲ್ಲವೂ ಒಮ್ಮೆಲೇ ಇಂಗ್ಲಿಷಾಯಿತು. ‘ಫೈವ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್’ ಎಂದರೆ ಕಿವಿಗೆ ಬಿದ್ದ ಕ್ರಮದಲ್ಲೇ ಮೊದಲು ಐದು ಬರೆದು ಅದರಿಂದ ಕಳೆಯುತ್ತಿದ್ದೆ. ‘ಸಂಖ್ಯೆಯ ಎರಡರಷ್ಟಕ್ಕಿಂತ ಐದು ಕಡಿಮೆ’ ಎಂದಿದ್ದರೆ ನಿದ್ದೆಯಲ್ಲೂ ತಪ್ಪುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರತೊಡಗಿದವಳನ್ನು ಒಬ್ಬ ಲೆಕ್ಚರರು ಎಬ್ಬಿಸಿ, “ಕನ್ನಡದಾಗ ಹೇಳವಾ, ಆಮ್ಯಾಲೆ ನೋಡೂಣು,” ಎಂದಿದ್ದರು. ಆ ಒಂದು ಮಾತಿನಿಂದ ನಾನು ಇವತ್ತು ಗಣಿತದ ಶಿಕ್ಷಕಿ. ಈ ಹುಡುಗಿಯರು ಪ್ರಾಥಮಿಕ ಶಾಲೆಯನ್ನು ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಓದಿದವರು. ಪ್ರೌಢಶಾಲೆಗೆ ಬಂದ ಕೂಡಲೇ ಅವರಿಗೂ ಎಲ್ಲವೂ ಇಂಗ್ಲಿಷು.

ಮುಗಿಸಿಟ್ಟಿದ್ದ ಮುಂದಿನ ಕಾರ್ಡನ್ನು ಕಳಿಸಬೇಡಿ ಎಂದು ಗಂಡನಿಗೆ ಹೇಳಿದೆ. “ಇಷ್ಟು ದಿನದ ಕೆಲಸ ನೀರಾಗ ಹೋತಲ್ಲ,” ಎಂದರು. “ಹೋಗ್ಲಿ ಬಿಡ್ರಿ, ಮತ್ತ ಮಾಡ್ತೀನಿ. ಸ್ವಾಹಿಲಿಯಾಗ,” ಎಂದೆ. “ನಿನಗ ಸ್ವಾಹಿಲಿ ಎಲ್ಲಿ ಬರ್ತದ?” ಎಂದು ಕೇಳಿದರು. ಬರುವವರೊಬ್ಬರು ನನ್ನ ಸ್ಟಾಫ್‌ರೂಮಿನಲ್ಲೇ ಇದ್ದರು.

ನಮ್ಮ ಶಾಲೆಯ ಅರೇಬಿಕ್ ಮೇಡಂ ಮೂಲತಃ ಈಗ ಟಾಂಜಾನಿಯಾಕ್ಕೆ ಸೇರಿದ ಜಂಜಿಬಾರ್ ದ್ವೀಪದ ಅರಬ್ ಮನೆತನದವರು. ಅವರು ಹುಟ್ಟುವ ಮೊದಲೇ ಆ ದ್ವೀಪದಲ್ಲಿ ಗಲಭೆಯಾಗಿ ಕುಟುಂಬ ಓಡಿಬಂದಿತ್ತು. ಮನೆಯಲ್ಲಿ ತಾಯಿಯ ಜೊತೆ ಸ್ವಾಹಿಲಿಯಲ್ಲೇ ಮಾತು. ಫೋನಿನಲ್ಲಿ ಅವರು ಆ ಭಾಷೆಯಾಡುವುದನ್ನು ನಾವೆಲ್ಲ ಕೇಳಿದ್ದೆವು. ವಿಡಿಯೊ ತೋರಿಸಿ, ಸಹಾಯ ಮಾಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ನನ್ನದು ಅಡುಗೆಮನೆಯ ಸ್ವಾಹಿಲಿ,” ಎಂದರು ಅವರು. “ಮೀನು ಹುರಿಯುವುದು, ಮಕ್ಕಳಿಗೆ ಗದರುವುದು. ಬೀಜಗಣಿತಕ್ಕೆ ಎಲ್ಲಿಂದ ತರಲಿ?”

“ಗದರುವುದಕ್ಕೆ ಬರುತ್ತದಲ್ಲ, ಅರ್ಧ ಪಾಠ ಆಯಿತು.”

ನಕ್ಕರು, ಆದರೆ ಒಪ್ಪಲಿಲ್ಲ. ಅಣ್ಣನನ್ನು ಕೇಳಬೇಕು ಎಂದರು. ಎರಡು ದಿನ ಬಿಟ್ಟು, ಅಣ್ಣನಿಗೆ ಇಷ್ಟವಿಲ್ಲ ಎಂದು ತಿಳಿಸಿದರು. ಯಾವ ನೆಲದಿಂದ ಉಟ್ಟ ಬಟ್ಟೆಯಲ್ಲಿ ಬಂದೆವೋ ಅಲ್ಲಿಗೆ, ಅದೂ ಚರ್ಚಿನವರ ಸಂಸ್ಥೆಗೆ, ನಾವೇಕೆ ದುಡಿಯಬೇಕು ಎಂಬುದು ಅಣ್ಣನ ಮಾತು. ಆದರೆ ಆ ಶುಕ್ರವಾರ ಮೇಡಂ ತಾವೇ ಫೋನ್ ಮಾಡಿ, ಅಬುಧಾಬಿಯಲ್ಲಿರುವ ತಾಯಿಯ ಮನೆಗೆ ಹೋಗುತ್ತಿದ್ದೇನೆ, ನೀನೂ ಬಾ, ಆ ವಿಡಿಯೊ ತಾ ಎಂದರು.

ಅಬುಧಾಬಿಯ ಮನೆಯಲ್ಲಿ ಅಣ್ಣ ಗಂಭೀರವಾಗಿ ಕೂತಿದ್ದರು. ಮರ್ಯಾದೆಗೆ ಕೊರತೆ ಮಾಡಲಿಲ್ಲ, ಖರ್ಜೂರದ ತಟ್ಟೆ ನನ್ನ ಮುಂದೆ ಸರಿಸಿದರು. ತಾಯಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ವಿಡಿಯೊ ನೋಡಿದರು. ಕೊನೆಯಲ್ಲಿ, ನಾನು ಯಾವತ್ತೂ ಗಮನಿಸದ ಜಾಗದಲ್ಲಿ, ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ಪಿಸುಗುಟ್ಟುವುದು ಕೇಳುತ್ತದೆ. ಮುದುಕಿ ಅದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದರು. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

“ಏನಂತೆ?” ಎಂದು ಕೇಳಿದೆ.

ಅರೇಬಿಕ್ ಮೇಡಂ ಅನುವಾದಿಸಿದರು: “ಒಬ್ಬಳು ‘ಈ ಹೆಂಗಸು ಏನು ಹೇಳುತ್ತಿದ್ದಾಳೆ’ ಎಂದು ಕೇಳುತ್ತಾಳೆ. ಇನ್ನೊಬ್ಬಳು ‘ಸುಮ್ಮನೆ ತಲೆ ಆಡಿಸು, ಬೇಗ ಮುಗಿಯುತ್ತದೆ’ ಎನ್ನುತ್ತಾಳೆ.”

ತಾಯಿ ಮಗನ ಕಡೆ ತಿರುಗಿ ಸ್ವಾಹಿಲಿಯಲ್ಲಿ ನಿಧಾನವಾಗಿ ಏನೋ ಹೇಳಿದರು. ಮಗ ತಲೆ ತಗ್ಗಿಸಿ ಕೇಳಿ, ಆಯಿತು ಎನ್ನುವಂತೆ “ಖಲಾಸ್” ಎಂದು ಎದ್ದು ಒಳಗೆ ಹೋದರು. ಕಾರಿನಲ್ಲಿ ವಾಪಸು ಬರುವಾಗ ತಾಯಿ ಏನು ಹೇಳಿದರೆಂದು ಮೇಡಂ ಬಳಿ ವಿಚಾರಿಸಿದೆ. “ಈ ಮಕ್ಕಳು ನಮ್ಮನ್ನು ಓಡಿಸಲಿಲ್ಲ, ಇವರು ಹುಟ್ಟಿಯೇ ಇರಲಿಲ್ಲ ಎಂದಳು. ಮುಖ ತೋರಿಸಬೇಡ, ಕೈ ಮತ್ತು ದನಿ ಸಾಕು ಎಂದು ನನಗೆ ಹೇಳಿದಳು,” ಎಂದರು.

ಇನ್ನು ಒಪ್ಪಬೇಕಾದವರು ಸಿಸ್ಟರ್. ಅವರು ಸುತರಾಂ ಬೇಡವೆಂದರು. ಧ್ವನಿ ಸಂದೇಶದ ಹಿಂದೆ ಸಂತೆಯ ಗದ್ದಲ ಕೇಳುತ್ತಿತ್ತು. “ಟೀಚರ್, ನಮ್ಮ ಕಾಂಪೌಂಡ್ ಒಳಗೆ ಇಂಗ್ಲಿಷೇ ಮಾತಾಡಬೇಕು ಅಂತ ರೂಲ್ ಉಂಟು, ಅದನ್ನು ಮಾಡಿದ್ದೇ ನಾನು. ಬೇರೆ ಮಕ್ಕಳಿಗೆ ಮನೆ ಉಂಟು, ಹೊಲ ಉಂಟು, ಮಾವ ಚಿಕ್ಕಪ್ಪ ಅಂತ ಇದ್ದಾರೆ. ಇವರಿಗೆ ನಾನು ಕೊಡ್ಲಿಕ್ಕೆ ಆಗುವುದು ಇಂಗ್ಲಿಷ್ ಒಂದೇ. ಅದನ್ನೂ ತೆಗೆದುಬಿಟ್ರೆ ಹೇಗೆ?”

ಆ ಮಾತಿನಲ್ಲಿ ಸತ್ಯವಿತ್ತು. ಮರುದಿನ ನನ್ನ ಪಿಯುಸಿಯ ಕಥೆಯನ್ನು ಹೇಳಿ ಕಳಿಸಿದೆ. ಇಂಗ್ಲಿಷು ತೆಗೆಯುವುದಿಲ್ಲ ಸಿಸ್ಟರ್, ಅದರ ಒಳಗೆ ಹೋಗಲು ಬಾಗಿಲು ತೆಗೆಯುತ್ತೇವೆ, ಹಿಂದಿನ ಬೆಂಚಿನ ಪಿಸುಮಾತು ಕೇಳಿ ನೋಡಿ ಎಂದೆ. ಅವರ ಉತ್ತರ ಬರಲು ಮುಂದಿನ ಸಂತೆಯವರೆಗೆ ಕಾಯಬೇಕಾಯಿತು. “ಒಂದೇ ಪಾಠ ಮಾಡಿ. ಟೆಸ್ಟ್ ನಾನು ಕೊಡುವುದು, ಇಂಗ್ಲಿಷಲ್ಲೇ ಕೊಡುವುದು. ಬರೆದ್ರೆ ಮುಂದೆ ನೋಡುವ. ಇಲ್ಲದಿದ್ರೆ ನನ್ನ ರೂಲ್ ನನಗೆ.”

ಆ ಒಂದು ಪಾಠಕ್ಕೆ ವಾಕ್ಯರೂಪದ ಲೆಕ್ಕಗಳನ್ನೇ ಆರಿಸಿಕೊಂಡೆ. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಎಡವುತ್ತಿದ್ದುದು ಅಲ್ಲೇ. ಅರೇಬಿಕ್ ಮೇಡಂ ಮತ್ತು ನಾನು ನಮ್ಮ ಮನೆಯ ಹಾಲಿನಲ್ಲಿ ಕೂತು ಒಂದೊಂದು ಸಾಲನ್ನೂ ಕಟ್ಟಿದೆವು. ಮೊದಲು ನಾವು ಮಾಡಿದ ತಪ್ಪು, ಎಲ್ಲ ಪದಕ್ಕೂ ಸ್ವಾಹಿಲಿ ಹುಡುಕಲು ಹೋದದ್ದು. ತಾಯಿಗೆ ಫೋನ್ ಮಾಡಿ ಕೇಳಿದರೆ ಅವರು ಕೊಡುತ್ತಿದ್ದ ಮಾತುಗಳು ಹಳೇ ಕಾಲದ ಅಂಗಡಿಯವು. ‘ವೇರಿಯಬಲ್’ ಎಂದರೆ ಅವರಿಗೂ ಗೊತ್ತಿಲ್ಲ. ಒಂದಿಡೀ ಸಂಜೆ ವ್ಯರ್ಥವಾದ ಮೇಲೆ ಪರೀಕ್ಷೆಯಲ್ಲಿ ಬರುವ ಪದ ಇಂಗ್ಲಿಷಿನಲ್ಲೇ ಇರಲಿ, ‘ಏನು’ ಮತ್ತು ‘ಏಕೆ’ ಮಾತ್ರ ಸ್ವಾಹಿಲಿಯಲ್ಲಿರಲಿ ಎಂದು ತೀರ್ಮಾನಿಸಿದೆವು.

ಆಮೇಲೆ ಕೆಲಸ ಸರಾಗವಾಯಿತು. ಲೆಕ್ಕಕ್ಕೆ ಸ್ವಾಹಿಲಿಯಲ್ಲಿ ‘ಹೆಸಾಬು’. ನಮ್ಮ ಕಡೆಯೂ ಹಿಸೇಬು ಎನ್ನುತ್ತೇವೆ ಎಂದೆ. ‘ಏಕೆಂದರೆ’ ಎನ್ನಲು ‘ಕ್ವಾ ಸಬಾಬು’. ನಮ್ಮಲ್ಲಿ ಸಬೂಬು ಎಂದರೆ ಹೋಮ್‌ವರ್ಕ್ ಮಾಡದವರು ಕೊಡುವುದು ಎಂದಾಗ ಮೇಡಂ ನಕ್ಕು ಪೆನ್ನು ಕೆಳಗಿಟ್ಟರು. ಪಾಠದಲ್ಲಿ ಅವರು ಮೊದಲು ಕಥೆ ಹೇಳಿದರು: ತಂಗಿಯ ಹತ್ತಿರ ಒಂದಿಷ್ಟು ಮಾವಿನಹಣ್ಣುಗಳಿವೆ, ಅಕ್ಕನಿಗೆ ಅದರ ಎರಡರಷ್ಟು ಸಿಕ್ಕಿತು, ಅದರಲ್ಲಿ ಐದನ್ನು ಕೋತಿ ಒಯ್ದಿತು. ನಾನು ಬೋರ್ಡಿನ ಮೇಲೆ 2x ಬರೆದು ಐದು ಕಳೆದೆ. ಆಮೇಲೆ ಇಂಗ್ಲಿಷ್ ವಾಕ್ಯವನ್ನು ಬರೆದು ಒಂದೊಂದು ತುಂಡಿನ ಕೆಳಗೂ ಗೆರೆ ಎಳೆದು, ಯಾವ ತುಂಡನ್ನು ಮೊದಲು ಬರೆಯಬೇಕೆಂದು ತೋರಿಸಿದೆ. ಪ್ರತಿ ಲೆಕ್ಕದ ನಂತರವೂ ಸ್ವಲ್ಪ ಸಮಯ ಖಾಲಿ ಬಿಟ್ಟೆವು. ಅಲ್ಲಿ ಸಿಸ್ಟರ್ ಟಿವಿ ನಿಲ್ಲಿಸಿ ಅರ್ಥವಾಯಿತೇ ಎಂದು ಸ್ವಾಹಿಲಿಯಲ್ಲಿ ಕೇಳಬೇಕು, ಅದೊಂದು ಷರತ್ತು ನನ್ನದು.

ಕಾರ್ಡು ಹೋಯಿತು. ಬಂದ ಧ್ವನಿ ಸಂದೇಶದಲ್ಲಿ ಸಿಸ್ಟರ್ ಸಿಟ್ಟಾಗಿದ್ದರು. “ನೋಡಿ ಟೀಚರ್, ಇಷ್ಟು ದಿನ ಗೊತ್ತಾಯ್ತು ಅಂತಿದ್ದವರು ಈಗ ಗೊತ್ತಾಗ್ಲಿಲ್ಲ ಅಂತಾರೆ.” ಜೊತೆಗೊಂದು ವಿಡಿಯೊ ಇತ್ತು. ಟಿವಿ ನಿಂತಿದೆ. ಸಿಸ್ಟರ್ ಕೇಳುತ್ತಾರೆ. ಈ ಸಲ ‘ಯೆಸ್ ಮೇಡಂ’ ಇಲ್ಲ. ಆಮೇಲೆ ವಾಲ್ಯೂಮ್ ಹೆಚ್ಚು ಮಾಡಿದ್ದ ಎತ್ತರದ ಹುಡುಗಿ ಮೆಲ್ಲಗೆ “ಬಾಡೊ” ಎನ್ನುತ್ತಾಳೆ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸ್ಟಾಫ್‌ರೂಮಿನಲ್ಲಿ ಅದನ್ನು ನೋಡುತ್ತಿದ್ದ ಅರೇಬಿಕ್ ಮೇಡಂ ನನ್ನ ತೋಳು ಹಿಡಿದರು. “ಬಾಡೊ ಎಂದರೆ ಇಲ್ಲ ಎಂದಲ್ಲ. ಇನ್ನೂ ಇಲ್ಲ ಎಂದು. ಆಗಬಹುದು, ಆದರೆ ಇನ್ನೂ ಆಗಿಲ್ಲ.”

ಇಪ್ಪತ್ತು ವರ್ಷದ ಹತ್ತಿರ ಪಾಠ ಮಾಡಿದ ನನಗೆ ಅಷ್ಟು ಸಂತೋಷ ಕೊಟ್ಟ ಉತ್ತರ ಇನ್ನೊಂದಿಲ್ಲ. ಸಿಸ್ಟರ್, ಇದೇ ನಮಗೆ ಬೇಕಾಗಿದ್ದು, ಅದೇ ಪಾಠವನ್ನು ಇನ್ನೊಮ್ಮೆ ಹಾಕಿ, ಎಲ್ಲಿ ತಿಳಿಯಲಿಲ್ಲ ಎಂದು ಅವರನ್ನೇ ಕೇಳಿ ಎಂದು ಹೇಳಿ ಕಳಿಸಿದೆ. ಸಿಸ್ಟರ್ ಮನಸ್ಸಿಲ್ಲದ ಮನಸ್ಸಿನಿಂದ ಹಾಗೇ ಮಾಡಿದರು. ಆಮೇಲೆ ಟೆಸ್ಟು. ಮುಂದಿನ ಸಂತೆಯ ದಿನ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬರೆದಿದ್ದಾರೆ ಟೀಚರ್. ಇಂಗ್ಲಿಷಲ್ಲೇ. ನಾನು ಮೂವತ್ತು ವರ್ಷದಿಂದ ಸ್ವಾಹಿಲಿ ಮಾತಾಡ್ತೇನೆ, ಇವರ ಹತ್ರ ಮಾತ್ರ ಆಡ್ಲಿಲ್ಲ ನೋಡಿ.” ಕೊನೆಗೆ, “ಉಳಿದ ಪಾಠ ಯಾವಾಗ ಕಳಿಸ್ತೀರಿ?” ಎಂದರು.

ಅಷ್ಟರಲ್ಲಿ ಬೇಸಿಗೆ ರಜೆ ಬಂತು, ರಮದಾನ್ ಕೂಡ ಅದೇ ಹೊತ್ತಿಗೆ ಶುರುವಾಯಿತು. ಗಂಡ ಮತ್ತು ಮಗಳು ಧಾರವಾಡಕ್ಕೆ ಹೊರಟರು. ನಾನು ಟಿಕೆಟು ಮುಂದಕ್ಕೆ ಹಾಕಿಸಿ ಉಳಿದೆ. “ಅಮ್ಮಾ, ದೇ ಆರ್ ನಾಟ್ ಈವನ್ ಯುವರ್ ಸ್ಟೂಡೆಂಟ್ಸ್,” ಎಂದು ಮಗಳು ಮುಖ ಊದಿಸಿಕೊಂಡಳು. “ಈಗ ಆಗ್ಯಾರವಾ,” ಎಂದೆ.

ಉಪವಾಸದಲ್ಲಿ ಮಾತಾಡುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯುತ್ತದೆ, ಆದ್ದರಿಂದ ಅರೇಬಿಕ್ ಮೇಡಂ ಬೆಳಗ್ಗೆಯೇ ಬರುತ್ತಿದ್ದರು. ಬಾಗಿಲಲ್ಲಿ ಕಪ್ಪು ನಿಲುವಂಗಿ ಅಬಾಯಾದ ತೋಳು ಮಡಚುತ್ತ “ಯಲ್ಲಾ, ನಡೆ, ಬೀಜಗಣಿತ,” ಎನ್ನುತ್ತಿದ್ದರು. ಎಸಿ ಆರಿಸಬೇಕು, ಒಂದು ಪಾಠ ಹಿಡಿಯಬೇಕು, ಎಸಿ ಹಾಕಿ ತಣ್ಣಗಾಗಬೇಕು, ಮತ್ತೆ ಆರಿಸಬೇಕು. ಜುಲೈಯ ಸೆಕೆಯಲ್ಲಿ ಮಾರ್ಕರ್ ಕೈಯಿಂದ ಜಾರುತ್ತಿತ್ತು. ಅವರೆದುರು ನಾನು ನೀರು ಕುಡಿಯುತ್ತಿರಲಿಲ್ಲ. “ಉಪವಾಸ ನನ್ನದು, ನೀನು ಕುಡಿ,” ಎಂದು ಗದರಿದರು. “ನಿಮ್ಮ ಮುಂದೆ ಗಂಟಲಿಗೆ ಇಳಿಯುವುದಿಲ್ಲ,” ಎಂದೆ. ಅಡುಗೆಮನೆಗೆ ಹೋಗಿ ಕುಡಿದು ಬರುವುದೆಂದು ಒಪ್ಪಂದವಾಯಿತು.

ತೆರೆಯ ಮೇಲೆ ಕಾಣುತ್ತಿದ್ದುದು ಅವರ ಮದರಂಗಿಯ ಕೈ ಮಾತ್ರ. ಮಕ್ಕಳು ಆ ಕೈಗೆ ಬೀಬಿ ಎಂದು ಹೆಸರಿಟ್ಟಿದ್ದಾರೆ ಎಂದು ಸಿಸ್ಟರ್ ತಿಳಿಸಿದರು. ಬೀಬಿ ಎಂದರೆ ಸ್ವಾಹಿಲಿಯಲ್ಲಿ ಅಜ್ಜಿ. “ನನಗೆ ಇನ್ನೂ ಐವತ್ತು ದಾಟಿಲ್ಲ,” ಎಂದು ಮೇಡಂ ಬೇಸರ ಮಾಡಿಕೊಂಡರು. ಕಾರಣ ಅವರ ದ್ವೀಪದ ಹಳೇ ಮಾತು. ಮಕ್ಕಳಿಗೆ ಅಜ್ಜಿಯಂದಿರ ಮಾತಿನ ಹಾಗೆ ಕೇಳುತ್ತಿತ್ತಂತೆ. ಕೆಲವರಿಗೆ ಅಜ್ಜಿಯೇ ಕೊನೆಯವರೆಗೆ ಉಳಿದಿದ್ದವರು ಎಂದು ಸಿಸ್ಟರ್ ಹೇಳಿದ ಮೇಲೆ ಮೇಡಂ ಆ ಹೆಸರಿನ ಬಗ್ಗೆ ತಕರಾರು ಮಾಡಲಿಲ್ಲ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಒಂದು ಕಾರ್ಡು ದಾರಿಯಲ್ಲಿ ಕಳೆದುಹೋಯಿತು. ಮಳೆಯಲ್ಲಿ ಸೋಲಾರ್ ಕೈಕೊಟ್ಟು ವಾರಗಟ್ಟಲೆ ಟಿವಿ ನಡೆಯಲಿಲ್ಲ. ಆಗ ಸಿಸ್ಟರ್ ತಾವೇ ಬೋರ್ಡಿನ ಮುಂದೆ ನಿಂತು, ನೋಡಿದ್ದ ಪಾಠಗಳನ್ನು ಮಕ್ಕಳಿಂದಲೇ ಮತ್ತೆ ಹೇಳಿಸಿದರು, ಮೊದಲು ಸ್ವಾಹಿಲಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅದು ನಮ್ಮ ಯೋಜನೆಯಲ್ಲಿ ಇರಲಿಲ್ಲ. ನನ್ನ ಕಾರ್ಡುಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಬಹುಶಃ ಅದೇ.

ವರ್ಷದ ಕೊನೆಗೆ ಪರೀಕ್ಷೆಯಾಯಿತು, ಹೊಸ ವರ್ಷದಲ್ಲಿ ಫಲಿತಾಂಶ ಬಂತು. ಹೆಚ್ಚಿನವರು ಪಾಸಾದರು. ಎತ್ತರದ ಹುಡುಗಿ ಪಾಸಾದಳು. ಕೆಲವರು ಆಗಲಿಲ್ಲ, ಅದೇ ತರಗತಿಯಲ್ಲಿ ಉಳಿದರು. ಅದು ನನ್ನನ್ನು ಕೊರೆಯಿತು. ಉಳಿದವರಿಗಾಗಿ ಹೊಸ ಪಾಠ ಮಾಡುತ್ತೇನೆ, ಯಾವ ವಿಷಯ ಎಂದು ತಿಳಿಸಿ ಎಂದು ಸಿಸ್ಟರಿಗೆ ಹೇಳಿ ಕಳಿಸಿದೆ. ಉತ್ತರವಾಗಿ ಒಂದು ವಿಡಿಯೊ ಮಾತ್ರ ಬಂತು.

ಬೋರ್ಡಿನ ಮುಂದೆ ಎತ್ತರದ ಹುಡುಗಿ ನಿಂತಿದ್ದಳು. ಫೇಲಾದವರು, ಹೊಸದಾಗಿ ಬಂದವರು ಬೆಂಚಿನ ತುಂಬ ಇದ್ದರು. ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆಯುವ a² − b² ಸೂತ್ರವನ್ನು ಅವಳು ಹೇಳಿಕೊಡುತ್ತಿದ್ದಳು. ಆ ಪಾಠ ನಾನು ಮಾಡಿ ಕಳಿಸಿಯೇ ಇರಲಿಲ್ಲ. ಹೊಲಿಗೆ ಕೋಣೆಯಿಂದ ತಂದ ಚೌಕಾಕಾರದ ಹಳದಿ ಬಟ್ಟೆಯ ತುಂಡನ್ನು ಎತ್ತಿ ತೋರಿಸಿ, ಮೂಲೆಯಲ್ಲಿ ಚಿಕ್ಕ ಚೌಕವೊಂದನ್ನು ಕತ್ತರಿಸಿ ತೆಗೆದಳು. ಉಳಿದ ತುಂಡನ್ನು ಉದ್ದಕ್ಕೆ ಕತ್ತರಿಸಿ ಎರಡು ಪಟ್ಟಿ ಮಾಡಿದಳು. ಒಂದನ್ನು ತಿರುಗಿಸಿ ಇನ್ನೊಂದರ ತುದಿಗೆ ಜೋಡಿಸಿ ಪಿನ್ನು ಚುಚ್ಚಿದಳು. ಒಂದೇ ಆಯತವಾಯಿತು. ಅದರ ಉದ್ದ ಎರಡು ಚೌಕಗಳ ಬದಿಗಳ ಮೊತ್ತ, ಅಗಲ ಅವುಗಳ ವ್ಯತ್ಯಾಸ. ಸ್ವಾಹಿಲಿಯಲ್ಲಿ ಎರಡು ಮಾತು ಹೇಳಿ, ಬೋರ್ಡಿಗೆ ತಿರುಗಿ ಸೂತ್ರವನ್ನು ಇಂಗ್ಲಿಷಿನಲ್ಲಿ ಓದುತ್ತ ಬರೆದಳು.

ನಾನು ಇಷ್ಟು ವರ್ಷ ಆ ಸೂತ್ರವನ್ನು ಆವರಣಗಳನ್ನು ಗುಣಿಸಿಯೇ ಕಲಿಸಿದವಳು. ಅರೇಬಿಕ್ ಮೇಡಂ ವಿಡಿಯೊವನ್ನು ಎರಡು ಸಲ ನೋಡಿದರು. “ಅವಳು ಆಡಿದ ಮಾತು ನನ್ನದಲ್ಲ,” ಎಂದರು. “ನನ್ನದಕ್ಕಿಂತ ಸರಳವಾಗಿದೆ.”

ಮರುದಿನ ನನ್ನ ಒಂಬತ್ತನೇ ತರಗತಿಗೆ ಹಳೇ ಪತ್ರಿಕೆಗಳ ಕಟ್ಟು ಮತ್ತು ಕತ್ತರಿಗಳನ್ನು ತೆಗೆದುಕೊಂಡು ಹೋದೆ. ಪುಸ್ತಕ ಮುಚ್ಚಿಡಲು ಹೇಳಿದೆ. ಮಕ್ಕಳು ಚೌಕ ಕತ್ತರಿಸಿದರು, ಮೂಲೆ ತೆಗೆದರು, ಉಳಿದದ್ದನ್ನು ಎರಡಾಗಿಸಿ ಜೋಡಿಸಿದರು. ಸದಾ ಗದ್ದಲ ಮಾಡುವ ಆ ತರಗತಿ ಕೈಯಲ್ಲಿದ್ದ ಆಯತದ ಉದ್ದ ಅಗಲ ಅಳೆದು ನೋಡತೊಡಗಿತು. “ಮಿಸ್, ಹೂ ಟಾಟ್ ಯು ದಿಸ್?” ಎಂದು ಒಬ್ಬಳು ಕೇಳಿದಳು.

ಗೋಡೆಯ ಮೇಲಿನ ಭೂಪಟದ ಹತ್ತಿರ ಹೋಗಿ ಸಿಸ್ಟರ್ ಇರುವ ಜಾಗವನ್ನು ಬೆರಳಿಟ್ಟು ತೋರಿಸಿದೆ.